ತಪ್ಪುಕಾಣಿಕೆ

ಸಿಟ್ಟು ಬಂದಾಗ ಎಲ್ಲರಿಗೂ ಬಾಯಿ ಬರುತ್ತದೆ, ನನಗೆ ಇದ್ದದ್ದೂ ಹೋಗುತ್ತದೆ. ಕೊನೆಗೆ ಕೋಣೆಗೆ ಹೋಗಿ ಡೈರಿ ತೆರೆಯುತ್ತೇನೆ. ಬಿ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿರುವ ನನ್ನ ಜಗಳಗಳೆಲ್ಲ ಅಲ್ಲೇ ಹುಟ್ಟಿ ಅಲ್ಲೇ ಮುಗಿದಿವೆ. ಈ ಬುಧವಾರದ್ದು ಮಾತ್ರ ಹಾಗೆ ಮುಗಿಯಲಿಲ್ಲ.

ಅದೇ ಡೈರಿಯ ಹಿಂದಿನ ಪುಟಗಳು ತನ್ಮಯಿಗೆ ಮೀಸಲು. ಅಣ್ಣ ಗಿರಿಧರನ ಮಗಳು, ನಾಲ್ಕು ವರ್ಷ. ಅತ್ತಿಗೆ ಕೆಲಸಕ್ಕೆ ಪುತ್ತೂರಿಗೆ ಹೋಗುವುದರಿಂದ ಹಗಲೆಲ್ಲ ಅವಳು ನನ್ನ ಜೊತೆ. ಅವಳ ಮಾತುಗಳನ್ನು ತಾರೀಕು ಹಾಕಿ ಬರೆದಿಡುತ್ತೇನೆ. "ಅತ್ತೆ, ಫ್ಯಾನ್ ದಿನಾ ತಿರುಗ್ತದಲ್ಲ, ಅದಕ್ಕೆ ವಾಂತಿ ಬರುದಿಲ್ವಾ?" "ಅಜ್ಜಿ ಹಲ್ಲು ತೆಗೆದು ತೊಳೆದಿಟ್ಟದ್ದು ಯಾಕೆ, ಬೇರೆಯವರಿಗೆ ಕೊಡ್ಲಿಕ್ಕುಂಟಾ?"

ನಮ್ಮ ಮನೆ ಕಡಬ ಪೇಟೆಯಿಂದ ಸ್ವಲ್ಪ ಒಳಗೆ. ಪಕ್ಕದ ಐಸಮ್ಮನವರ ಆಡುಗಳಿಗೆ ಕೆಲಸದ ಚನಿಯಪ್ಪ ದಿನಾ ಬೆಳಿಗ್ಗೆ ಹಲಸಿನ ಗೆಲ್ಲು ಕಡಿದು ತರುತ್ತಾನೆ. ತನ್ಮಯಿ ಗೋಡೆಯ ಹತ್ತಿರ ನಿಂತರೆ ಒಂದು ಗೆಲ್ಲು ಅವಳ ಕೈಗೂ ಕೊಟ್ಟು, "ತಪ್ಪು ಕೊರ್ಲ ಬಾಲೆ" ಎನ್ನುತ್ತಾನೆ. ಸೊಪ್ಪು ಕೊಡು ಮಗೂ ಎಂದು; ತುಳುವಿನಲ್ಲಿ ಸೊಪ್ಪಿಗೆ ತಪ್ಪು ಎನ್ನುವುದು. ಇವಳು ಚಾಚಿದ ಸೊಪ್ಪನ್ನು ಆಡುಗಳು ಗೋಡೆಗೆ ಕಾಲು ಕೊಟ್ಟು ತಿನ್ನುತ್ತವೆ. ಅವಳ ದಿನದ ಅತಿ ದೊಡ್ಡ ಕೆಲಸ ಅದು.

ಪಂಜದ ತಿರುಮಲೇಶ್ವರ ಮಾವ ಅಮ್ಮನ ಅಣ್ಣ. ಜಾಗದ ಯಾವುದೋ ಕಾಗದಕ್ಕಾಗಿ ಎರಡು ತಿಂಗಳಿಂದ ಪ್ರತಿ ಬುಧವಾರ ಕಡಬಕ್ಕೆ ಬರುತ್ತಾರೆ, ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಾರೆ. ತನ್ಮಯಿಗೆ ಏನಾದರೂ ತರದೆ ಬಂದದ್ದಿಲ್ಲ. ಹೋದ ಬುಧವಾರ ಅವರು ಉಂಡು ಗೇಟು ದಾಟಿದ್ದೇ ಅಣ್ಣ ಕೈ ತೊಳೆಯುತ್ತ ಹೇಳಿದ, "ಊಟದ ಬಸ್ಸು ಹೋಯ್ತಾ? ಹನ್ನೆರಡೂವರೆಗೆ ಸರಿಯಾಗಿ ಬರುದು, ಟ್ಯಾಂಕು ಫುಲ್ ಮಾಡಿ ಹೋಗುದು. ಒಂದು ದಿನ ಕೆಟ್ಟು ನಿಂತದ್ದಿಲ್ಲ ಮಾರಾಯ್ತಿ."

"ಸುಮ್ಮನಿರು, ನನ್ನ ಅಣ್ಣ ಅವ," ಎಂದರು ಅಮ್ಮ. ಎನ್ನುತ್ತ ನಕ್ಕರು. ನಾನೂ ನಕ್ಕೆ. ನಕ್ಕದ್ದಲ್ಲದೆ ಬರೆದಿಟ್ಟೆ ಕೂಡ.

ಈ ಬುಧವಾರ ಅಣ್ಣ ಮೊಬೈಲ್ ಅಂಗಡಿಯಿಂದ ಊಟಕ್ಕೆ ಬಂದು ಕುಳಿತಿದ್ದ. ಗೇಟಿನ ಸದ್ದಾಯಿತು. ತನ್ಮಯಿ ಓಡಿಹೋಗಿ ನೋಡಿ, ಖುಷಿಯಲ್ಲಿ ಕೂಗಿದಳು, "ಅಪ್ಪಾ, ಊಟದ ಬಸ್ಸು ಬಂತು!"

ಮಾವ ಒಂದು ಚೀಲ ರಂಬುಟಾನ್ ಹಣ್ಣು ಹಿಡಿದುಕೊಂಡು ಮೆಟ್ಟಿಲಲ್ಲಿದ್ದರು. "ಬಸ್ಸಾ? ಎಲ್ಲಿ ಪುಟ್ಟಿ?"

"ನೀವೇ ಅಜ್ಜ! ಹನ್ನೆರಡೂವರೆಗೆ ಸರಿಯಾಗಿ ಬರುದು, ಟ್ಯಾಂಕು ಫುಲ್ ಮಾಡಿ ಹೋಗುದು."

ಮಾವನ ಒಂದು ಕಾಲು ಒಳಗಿತ್ತು, ಒಂದು ಹೊರಗೆ. ಹಾಗೆಯೇ ನಿಂತರು.

ಅಣ್ಣ ಎದ್ದು ಬಂದ. "ಎಂತ ಮಾತು ಅದು? ಯಾರು ಹೇಳಿಕೊಟ್ಟದ್ದು?"

"ನೀನೇ ಅಲ್ವಾ ಹೇಳಿದ್ದು."

"ನಾನಾ? ಸುಳ್ಳು ಬೇರೆ ಹೇಳ್ತೀಯಾ? ಮಾವ, ಬನ್ನಿ ಬನ್ನಿ, ಈಗಿನ ಮಕ್ಕಳು ಮೊಬೈಲ್ ನೋಡಿ ಕಲಿಯುದು ನೋಡಿ."

"ಸುಳ್ಳಲ್ಲ! ಅತ್ತೆ ಸಹ ನಕ್ಕದ್ದು. ಅಲ್ವಾ ಅತ್ತೆ?"

ಅವಳು ನನ್ನ ಕಡೆ ತಿರುಗಿದಳು. ಮಾವನೂ ತಿರುಗಿದರು. ನಾನು ಕೈಯಲ್ಲಿದ್ದ ಲೋಟ ನೋಡಿದೆ. ಅಮ್ಮ ಒಳಗೆ ಸಾರು ಕಲಕುತ್ತಲೇ ಇದ್ದರು. ಆ ಸಾರಿನಲ್ಲಿ ಕಲಕುವಂಥದ್ದು ಏನೂ ಇರಲಿಲ್ಲ.

"ನೋಡಿದ್ಯಾ? ಸುಳ್ಳಿ. ಹೋಗು, ತಪ್ಪುಕಾಣಿಕೆ ಹಾಕಿ ಬಾ."

ನಮ್ಮ ದೇವರ ಕೋಣೆಯಲ್ಲಿ ಒಂದು ತಗಡಿನ ಡಬ್ಬಿ ಉಂಟು. ಮನೆಯಲ್ಲಿ ಯಾರು ತಪ್ಪು ಮಾಡಿದರೂ ಕೈಮುಗಿದು ಅದಕ್ಕೊಂದು ನಾಣ್ಯ ಹಾಕುವ ಕ್ರಮ, ಅದೇ ತಪ್ಪುಕಾಣಿಕೆ. ತನ್ಮಯಿ ಹಾಕಬೇಕಾಗಿ ಬಂದದ್ದು ಇದೇ ಮೊದಲು. ಅವಳು ಬಿಕ್ಕುತ್ತ ಹೊರಟಳು. ದೇವರ ಕೋಣೆಗಲ್ಲ, ಅಂಗಳಕ್ಕೆ. ವಾಪಸು ಬರುವಾಗ ಕೈತುಂಬ ಹಲಸಿನ ಎಲೆ.

ಡಬ್ಬಿಯ ಬಾಯಿ ಸಣ್ಣದು. ಎಲೆಯನ್ನು ನಾಲ್ಕು ಮಡಚಿ ತುರುಕಿದಳು, ಅದು ಹರಿಯಿತು, ಇನ್ನೊಂದು ತುರುಕಿದಳು. ಕೈಮುಗಿದು, ಮೂಗು ಎಳೆಯುತ್ತ, "ದೇವರೇ, ತಪ್ಪು ತಂದಿದ್ದೇನೆ. ತಿನ್ನು. ನಾಳೆ ಇನ್ನೂ ತರ್ತೇನೆ," ಎಂದಳು.

ಅಣ್ಣ ಬಿದ್ದು ಬಿದ್ದು ನಕ್ಕ. ಅಮ್ಮ ಸೌಟು ಹಿಡಿದುಕೊಂಡೇ ಬಂದು ನಕ್ಕರು. ಮಾವ ಕೂಡ ತುಟಿ ಅಗಲ ಮಾಡಿದರು, ಮರ್ಯಾದೆಗೆ. ನನಗೂ ನಗು ಬಂದದ್ದು ನಿಜ. ಆದರೆ ಅಣ್ಣನ ಮುಖ ನೋಡಿದೆ. ಬೆವರು ಆರಿದವನ ಹಾಗೆ ಹಗುರಾಗಿದ್ದ. ಈ ನಗುವಿನಲ್ಲಿ ಅವನ ಸುಳ್ಳು ತೊಳೆದು ಹೋಗಿತ್ತು. ಅಷ್ಟು ಸುಲಭವಾಗಿ!

ಅವನು ಫೋನ್ ತೆಗೆದ. "ಪುಟ್ಟಿ, ಇನ್ನೊಮ್ಮೆ ಹಾಕು. ‘ದೇವರೇ ತಿನ್ನು’ ಹೇಳು, ಜೋರು ಹೇಳು."

ಅವಳು ಹಾಕಿದಳು.

"ಈ ಕಡೆ ತಿರುಗಿ ಹಾಕು. ಆಗ ಅತ್ತಿಯಲ್ಲ, ಹಾಗೇ ಅಳು ಮಾರಾಯ್ತಿ."

ಮೂರನೇ ಎಲೆ ಹಿಡಿದುಕೊಂಡು ತನ್ಮಯಿ ಅಪ್ಪನನ್ನೇ ನೋಡಿದಳು. ಅಳು ನಿಂತಿತ್ತು. ತುಂಬ ಸಣ್ಣ ದನಿಯಲ್ಲಿ ಕೇಳಿದಳು, "ಅಪ್ಪಾ, ನಾನು ಇನ್ನೊಂದು ಸುಳ್ಳು ಹೇಳಿದ್ನಾ?"

ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಅವಳು ಅದನ್ನು ನಂಬುತ್ತಿದ್ದಳು. ತಾನು ಕೇಳಿದ್ದು ಕೇಳಲಿಲ್ಲ, ಕಂಡದ್ದು ಕಾಣಲಿಲ್ಲ ಎಂದು. ಆಮೇಲೆ ಕೈಯಲ್ಲಿರುವ ಲೋಟ ನೋಡುವುದನ್ನು ಕಲಿಯುತ್ತಿದ್ದಳು, ನನ್ನ ಹಾಗೆ.

"ಸಾಕು!"

ಅದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ಲೋಟ ಕೆಳಗೆ ಬಿದ್ದಿತ್ತು.

"ಹೇಳಿದ್ದು ನೀನು ಅಣ್ಣ. ಹೋದ ಬುಧವಾರ, ಕೈ ತೊಳೆಯುವಾಗ. ನಕ್ಕದ್ದು ಅಮ್ಮ, ನಾನು. ಮಗು ಒಂದಕ್ಷರ ಸುಳ್ಳು ಹೇಳ್ಲಿಲ್ಲ. ತಾರೀಕು ಬೇಕಾ? ಬರೆದಿಟ್ಟಿದ್ದೇನೆ, ತರ್ತೇನೆ!"

"ಓಹೋ, ಅನಘಾಗೆ ಬಾಯಿ ಬಂತು. ವರ್ಷಕ್ಕೊಮ್ಮೆ ಬರುದು, ಅದೂ ನೆಂಟರ ಎದುರು," ಎಂದ ಅಣ್ಣ. ಯಾರಾದರೂ ನಗುತ್ತಾರೋ ಎಂದು ಸುತ್ತ ನೋಡಿದ.

ನಾನು ನೆಲದಿಂದ ಒಂದು ಎಲೆ ಹೆಕ್ಕಿ ಮಡಚಿ ಡಬ್ಬಿಗೆ ತುರುಕಿದೆ. ಡಬ್ಬಿಯ ಬಾಯಿ ಎರಡು ಸಲ ತಪ್ಪಿತು. "ಇದು ನನ್ನದು. ಅವಳು ಕೇಳಿದಾಗ ಬಾಯಿ ಮುಚ್ಚಿ ನಿಂತದ್ದಕ್ಕೆ." ಇನ್ನೊಂದು ಎಲೆ ಅವನಿಗೆ ಚಾಚಿದೆ. "ನಿನ್ನದು ನೀನು ಹಾಕು. ವಿಡಿಯೊ ನಾನು ಮಾಡ್ತೇನೆ."

"ಅನು, ಸಾಕು ಮಗಾ, ಅನ್ನ ಆರ್ತದೆ," ಎಂದರು ಅಮ್ಮ.

"ಆರ್ಲಿ!"

ಮಾವ ರಂಬುಟಾನ್ ಚೀಲವನ್ನು ತನ್ಮಯಿಯ ಕೈಗೆ ಕೊಟ್ಟರು. "ಗಿರಿ, ಇವಳಿಗೆ ಗಡಿಯಾರ ನೋಡ್ಲಿಕ್ಕೆ ಬರ್ತದಾ? ಹನ್ನೆರಡೂವರೆ ಹೇಳಿದಾಗಲೇ ನನಗೆ ಅಂದಾಜಾಯ್ತು." ಚಪ್ಪಲಿ ಮೆಟ್ಟಿದರು. "ನೀನು ಸುಳ್ಳು ಹೇಳ್ಲಿಲ್ಲ ಪುಟ್ಟಿ. ಆದರೆ ಬಸ್ಸು ಇವತ್ತು ಇಲ್ಲಿ ನಿಲ್ಲುದಿಲ್ಲ."

"ಅಣ್ಣಾ, ಉಂಡು ಹೋಗು," ಎಂದು ಅಮ್ಮ ಗೇಟಿನ ತನಕ ಓಡಿದರು. ಮಾವ ತಿರುಗಲಿಲ್ಲ.

ಅಣ್ಣನಿಗೆ ಈಗ ನನ್ನ ಮೇಲೆ ಸಿಟ್ಟು. "ನಿನ್ನಿಂದಾಗಿ ಮಾವ ಉಪವಾಸ ಹೋದರು," ಎಂದ. ನಾನು ಚಾಚಿದ ಎಲೆಯನ್ನು ಹಿಂದೆ ತೆಗೆಯಲಿಲ್ಲ. ತೋಳು ನೋಯತೊಡಗಿತು. ನೋಯಲಿ.

ತನ್ಮಯಿ ನನ್ನ ಕೈಯ ಎಲೆಯನ್ನು, ಅಪ್ಪನನ್ನು, ಮತ್ತೆ ಎಲೆಯನ್ನು ನೋಡಿದಳು. "ಅತ್ತೆ, ಅಷ್ಟು ಸಣ್ಣದು ಸಾಲದು. ಅಪ್ಪಂದು ದೊಡ್ಡ ತಪ್ಪು ಬೇಕು," ಎಂದು ಹೊರಗೆ ಓಡಿದಳು.

ಯಾರೂ ನಗಲಿಲ್ಲ. ಅಂಗಳದ ಆಚೆಯಿಂದ, ತನಗಿಂತ ಉದ್ದದ ಹಲಸಿನ ಗೆಲ್ಲೊಂದನ್ನು ಅವಳು ಎಳೆದು ತರುವ ಸದ್ದು ಹತ್ತಿರವಾಗುತ್ತಿತ್ತು. ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ.