ಮೇಜಿನ ಮೇಲೆ ಮಲಗುವವರು ಯಾರು

ಒಂದು ಸಂಸಾರದ ಚರಿತ್ರೆಯಲ್ಲಿ ಮದುವೆ, ಮನೆ, ಮಕ್ಕಳು ಇವೆಲ್ಲ ಹೇಗೋ ತಾವಾಗಿಯೇ ಆಗಿಹೋಗುತ್ತವೆ. ಎಲ್ಲರೂ ಕೂತು, ಯೋಚಿಸಿ ತೀರ್ಮಾನಿಸಲೇಬೇಕಾದ ಗಂಭೀರ ಪ್ರಶ್ನೆ ಒಂದೇ: ಊಟದ ಮೇಜನ್ನು ತಗ್ಗಿಸಿ ಹಾಸಿಗೆ ಮಾಡಿದರೆ ಅದರ ಮೇಲೆ ಮಲಗುವವರು ಯಾರು?

ಸರ್ವೇಯರ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅವರು ರಜೆಯ ತಿರುಗಾಟಕ್ಕೆಂದು ಮೋಟರ್‌ಹೋಮ್ ಕೊಳ್ಳಲು ಹೊರಟಾಗ. ಅವರ ತಾಯಿ ಅದನ್ನು ಗಾಡಿಮನೆ ಎಂದರು. ಆ ಹೆಸರೇ ನಿಂತಿತು. ಸರ್ವೇಯರು ಇಪ್ಪತ್ತೆರಡು ವರ್ಷ ಬೇರೆಯವರ ಜಮೀನು ಅಳೆದವರು. ಟೇಪು ಹಿಡಿಯದೆ ಚಪ್ಪಲಿಯನ್ನೂ ಕೊಂಡವರಲ್ಲ. ಎರಡು ಗಾಡಿಗಳ ನಕ್ಷೆ ತರಿಸಿ, ನಡುಮನೆಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಬರೆದರು.

"ಅಮ್ಮಾ, ಗೋಡೆಯೊಳಗಿಂದ ನಡ್ಕೊಂಡು ಬರ್ತಿದ್ದೀಯ!"

"ನಿನ್ನ ಗೋಡೆ ಮೊದಲು ಎದ್ದು ನಿಲ್ಲಲಿ ಕಣೋ, ಆಮೇಲೆ ಸುತ್ತಿ ಬರ್ತೀನಿ" ಎಂದು ಅಜ್ಜಿ ಸ್ನಾನದ ಕೋಣೆ ದಾಟಿ ನೇರವಾಗಿ ಒಲೆಯ ಮೇಲೆ ಕಾಲಿಟ್ಟರು.

ಸರ್ವೇಯರ ಹೆಂಡತಿಗೆ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಹದಿನಾಲ್ಕು ವರ್ಷದಿಂದ, ವಾರಕ್ಕೆ ಆರು ದಿನ, ನಸುಕಿನ ಮೂರೂವರೆಗೆ ಏಳುತ್ತಾರೆ. ಗಾಡಿಮನೆಯ ವಿಷಯದಲ್ಲಿ ಆಕೆ ಕೇಳಿದ್ದು ಒಂದೇ: "ರಜೇಲಿ ನಾನು ಎಂಟು ಗಂಟೆವರೆಗೂ ಮಲಗ್ಬೇಕು. ಮಿಕ್ಕಿದ್ದು ನೀವೇ ನೋಡ್ಕೊಳ್ಳಿ."

ಆಗಲಿ ಎಂದರು ಎಲ್ಲರೂ. ಬರೆದುಕೊಳ್ಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಸರ್ವೇಯರಿಗೆ ಹಿಡಿಸಿದ್ದು ಮೊದಲ ನಕ್ಷೆ. ಉದ್ದನೆಯ ಅಡುಗೆಕಟ್ಟೆ, ನಾಲ್ಕು ಒಲೆ. ಹಿಂದುಗಡೆ, ಕಕ್ಕಸಿನ ಪಕ್ಕದಲ್ಲೇ, ಅಜ್ಜಿಗೆ ಹಾಸಿಗೆ. ಡ್ರೈವರ್ ಸೀಟಿನ ಮೇಲಿನ ಅಟ್ಟ ಮಗಳಿಗೆ. ಗಂಡ ಹೆಂಡತಿಗೆ ಮೇಜು. ಎರಡನೆಯದರಲ್ಲಿ ಅಟ್ಟ ಹಾಗೇ ಇತ್ತು, ಅಜ್ಜಿಗೆ ಬಾಗಿಲ ಬಳಿ ಮಂಚವಿತ್ತು. ಹಿಂದೆ ಒಂದು ಪುಟ್ಟ ಕೋಣೆ, ಕೋಣೆ ತುಂಬ ಮಡಚುವ ಗೋಜಿಲ್ಲದ ಹಾಸಿಗೆ, ಮುಚ್ಚಲು ಬಾಗಿಲು. ಆದರೆ ಅಡುಗೆಕಟ್ಟೆ ಒಂದು ಮೊಳ, ಒಲೆ ಎರಡು. ಮೇಜು ತಗ್ಗಿಸಿದರೆ ಒಬ್ಬರಿಗೆ ಜಾಗ.

"ಮೇಜಿನ ಮೇಲೆ ಮಲಗೋರು ಎಲ್ಲರ ಊಟ ಮುಗಿಯೋವರೆಗೂ ಕಾಯ್ಬೇಕು. ಬೆಳಿಗ್ಗೆ ಯಾರಿಗೆ ಮೊದಲು ಕಾಫಿ ಬೇಕೋ ಅವರ ಜೊತೆ ಏಳ್ಬೇಕು" ಎಂದಳು ಹದಿನೈದರ ಮಗಳು. "ರಜೇಲಿ ಮೊದಲು ಏಳೋದು ಯಾರು ಅಂತ ನಾನು ಹೇಳಲ್ಲಪ್ಪ."

"ಐದಕ್ಕೆ ಎದ್ರೂ ನಾನು ಬೆಕ್ಕಿನ ಹಾಗೆ ಓಡಾಡ್ತೀನಿ" ಎಂದರು ಸರ್ವೇಯರು.

"ಬೆಕ್ಕು ಕೆಮ್ಮಲ್ಲ ಕಣ್ರೀ" ಎಂದರು ಹೆಂಡತಿ.

ಶನಿವಾರ ಹನ್ನೊಂದಕ್ಕೆ ನಾಲ್ವರೂ ಗಾಡಿ ಮಾರುವ ಅಂಗಳಕ್ಕೆ ಹೋದರು. ಹೆಂಡತಿ ಬೇಕರಿಯಿಂದ ನೇರವಾಗಿ ಬಂದಿದ್ದರು. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. ಮಾರುವಾತನದು ಒಂದು ಪದ್ಧತಿ: ಗಿರಾಕಿಗಳನ್ನು ಗಾಡಿಯೊಳಗೆ ಬಿಟ್ಟು ಬಾಗಿಲೆಳೆದುಕೊಂಡು ಹೋಗುವುದು. "ಅರ್ಧ ಗಂಟೆ ಸಂಸಾರ ಮಾಡಿ ಸಾರ್. ಜಗಳ ಆದ್ರೆ ಬೇರೆ ಗಾಡಿ ತೋರಿಸ್ತೀನಿ."

ಮೊದಲ ಗಾಡಿಯಲ್ಲಿ ಮೇಜು ತಗ್ಗಿಸಿ ಹೆಂಡತಿಯನ್ನು ಮಲಗಿಸಿದರು. ಅಜ್ಜಿ ಕಕ್ಕಸಿಗೆ ಹೊರಟರು. ಹೆಂಡತಿ ಕಾಲು ಮಡಚಿದರು. ಮಗಳಿಗೆ ಕೂರಲು ಬೇರೆ ಜಾಗವಿರಲಿಲ್ಲ, ಆಕೆ ಸರಿದರು. ಸರ್ವೇಯರಿಗೆ ಅಳತೆಯ ಪುಸ್ತಕವಿಟ್ಟು ಬರೆಯಲು ಮೇಜು ಬೇಕಾಯಿತು, ಆಕೆ ಎದ್ದೇಬಿಟ್ಟರು. ತಾವೇ ಮೇಜನ್ನು ಮೇಲೆತ್ತಿ ಕೊಟ್ಟರು. ಮನೆಯವರಿಗೆ ಜೋರು ಮಾತಿಗಿಂತ ಇದರ ಭಯವೇ ಹೆಚ್ಚು.

ಎರಡನೆಯ ಗಾಡಿಯಲ್ಲಿ, "ಈ ಚಿಲಕ ಹೇಗಿದೆ ನೋಡ್ತೀನಿ" ಎಂದು ಆಕೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಐದು ನಿಮಿಷವಾಯಿತು, ಇಪ್ಪತ್ತಾಯಿತು. ಮಗಳು ಸದ್ದಾಗದಂತೆ ಬಾಗಿಲು ಸರಿಸಿ ಇಣುಕಿದಳು. ಚಿಲಕ ನೋಡಲು ಹೋದವರು ಚಪ್ಪಲಿ ಬಿಟ್ಟು, ಗೋಡೆಗೆ ಮುಖ ಮಾಡಿ, ಗಾಢ ನಿದ್ದೆಯಲ್ಲಿದ್ದರು.

ಮಾರುವಾತ ಬಂದ. "ಸಾರ್, ಇದನ್ನ ನೋಡೋಕೆ ಇನ್ನೊಬ್ಬರು ಬಂದಿದ್ದಾರೆ."

ಅಜ್ಜಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. "ಅವರಿಗೆ ಆ ನಾಲ್ಕು ಒಲೆದು ತೋರ್ಸಪ್ಪ."

"ಅಮ್ಮಾ, ಇದ್ರಲ್ಲಿ ಅಡುಗೆಕಟ್ಟೆ ಏನೇನೂ ಸಾಲದು" ಎಂದು ಸರ್ವೇಯರು ಪಿಸುಗುಟ್ಟಿದರು. "ಅವಳಿಗೆ ಅನುಕೂಲ ಆಗ್ಲಿ ಅಂತಾನೇ ಅದನ್ನ ಆರಿಸಿದ್ದು."

"ಅವಳು ಕಟ್ಟೆ ಕೇಳಿದ್ಲೇನೋ?"

ಸರ್ವೇಯರು ಪುಸ್ತಕ ತೆರೆದರು. ಅದರಲ್ಲಿ ಅಜ್ಜಿಯ ಮಂಡಿ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದಿತ್ತು. ಮಗಳ ಉದ್ದ, ಮುಂದಿನ ವರ್ಷಕ್ಕೆಂದು ಎರಡಿಂಚು ಸೇರಿಸಿ, ಇತ್ತು. ತಮ್ಮ ಭುಜದ ಅಗಲವೂ ಇತ್ತು. ಹೆಂಡತಿಯ ಹೆಸರಿನ ಮುಂದೆ ಇದ್ದದ್ದು ಅಡುಗೆಕಟ್ಟೆಯ ಅಳತೆ ಮಾತ್ರ.

ಮೂರು ಸಲ ಪುಟ ತಿರುವಿ ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಟೇಪು ಹಿಡಿದು, ತುದಿಗಾಲಲ್ಲಿ ಒಳಗೆ ಹೋದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬರುವವರೆಗೂ ತಡೆದರು. ಹಾಸಿಗೆ ಆರಡಿ ಎರಡಿಂಚು. ಹೆಂಡತಿ ಐದಡಿ ಮೂರು. ಮೂರು ಕಡೆಯೂ ಗೋಡೆ. ಇಬ್ಬರು ಮಲಗಿದರೆ ಒಬ್ಬರು ಏಳುವಾಗ ಇನ್ನೊಬ್ಬರಿಗೂ ಎಚ್ಚರವಾಗುತ್ತದೆ, ಅದೂ ಐದು ಗಂಟೆಗೆ. ಹೊರಗೆ ಬಂದು ಮೇಜು ತಗ್ಗಿಸಿ ತಾವೇ ಮಲಗಿ ನೋಡಿದರು. ಮೇಜು ಐದಡಿ ಎಂಟು. ಅವರು ಐದಡಿ ಹತ್ತೂವರೆ.

"ಅಪ್ಪಾ, ಪಾದ ಹೊರಗಿದೆ" ಎಂದಳು ಮಗಳು.

"ಮಡಚ್ಕೊಂಡ್ರಾಯ್ತು. ಐದಕ್ಕೆ ಹೇಗೂ ಏಳ್ತೀನಲ್ಲ" ಎಂದು ಅವರು ಮಲಗಿಕೊಂಡೇ ಬರೆದುಕೊಂಡರು.

ಒಂದೂಮುಕ್ಕಾಲು ಗಂಟೆಯ ಮೇಲೆ ಹೆಂಡತಿ ಬಾಗಿಲು ಸರಿಸಿಕೊಂಡು ಬಂದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ನಾಲ್ಕು ಜನ, ಮಾರುವಾತನೂ ಸೇರಿ, ಆಕೆಯನ್ನೇ ನೋಡುತ್ತಿದ್ದರು.

"ಚಿಲಕ ಚೆನ್ನಾಗಿದೆ" ಎಂದರು ಆಕೆ.

ಗಾಡಿ ಎರಡನೆಯದೇ ಬಂತು. ಮೊದಲ ರಜೆ ಹನ್ನೆರಡು ದಿನದ್ದು. ಅದರಲ್ಲಿ ಹತ್ತು ದಿನ ಹೆಂಡತಿ ಎಂಟಕ್ಕೆ ಎದ್ದರು, ಎರಡು ದಿನ ಒಂಬತ್ತಕ್ಕೆ. ಸರ್ವೇಯರು ಮೇಜಿನ ಮೇಲೆ ಮಲಗುತ್ತಾರೆ.