ಎರಡನೆಯ ನಲ್ಲಿ

"ಕನ್ನಂಬಾಡಿ ಕಟ್ಟೇಲಿ ಎಷ್ಟು ಅನಿ ನೀರೈತೆ ಅಂತ ಬೆರಳಲ್ಲೇ ಎಣಿಸಿ ಏಳ್ದೋನು ಕಣವ್ವ ನಾನು. ಇಂಜಿನಿಯರು ತಾಳೆ ನೋಡ್ದ. ಒಂದೇ ಅನಿ ಎಚ್ಚುಕಮ್ಮಿ. ಅದೂ ಅವನದೇ ತಪ್ಪು!"

ಅರಕೆರೆಯ ಮಂಗಳಮ್ಮನ ಜಗುಲಿಯಲ್ಲಿ ಕೂತು ಚಿಕ್ಕಸ್ವಾಮಿ ಮೇಷ್ಟ್ರು ಹೀಗೆ ಬುರುಡೆ ಬಿಡುವಾಗ ಬೀದಿಯ ಎಮ್ಮೆಗಳೂ ಮೆಲುಕು ನಿಲ್ಲಿಸಿದವು. ರಿಟೈರಾಗಿ ಹದಿನಾರು ವರ್ಷವಾದರೂ ಲೆಕ್ಕದ ಮೇಷ್ಟ್ರ ಗತ್ತು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

ಮಂಗಳಮ್ಮನ ಮಗಳು ರಂಜಿತ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಎಐ ಯಂತ್ರಗಳಿಗೆ ಕನ್ನಡದಲ್ಲಿ ಲೆಕ್ಕ ಕೊಟ್ಟು ಪರೀಕ್ಷಿಸುವುದು ಅವಳ ಕೆಲಸ. ಕೆಲವು ಲೆಕ್ಕಗಳನ್ನು ಬೇಕೆಂದೇ ಬಿಡಿಸಲಾಗದ ಹಾಗೆ ಬರೆಯುತ್ತಾಳೆ. 'ಇದು ಆಗದು' ಎಂದರೆ ಯಂತ್ರ ಪಾಸು. ಏನೋ ಒಂದು ಉತ್ತರ ಕಟ್ಟಿ ಹೇಳಿದರೆ ಫೇಲು.

"ಮೇಷ್ಟ್ರೇ, ನೀವಾದ್ರೂ ಅವ್ವಂಗೆ ಬುದ್ಧಿ ಏಳಿ. ಹತ್ತನೇ ಕ್ಲಾಸು ಪರೀಕ್ಷೆ ಕಟ್ಟೋಕೆ ನಾಳೆನೇ ಕೊನೇ ದಿನ. ಅರ್ಜಿ ಮುಟ್ಟಾಕಿಲ್ಲ ಅಂತಾವ್ಳೆ."

"ನಂಗೆ ಲೆಕ್ಕ ಅತ್ತಾಕಿಲ್ಲ," ಕಾಫಿ ತಂದ ಮಂಗಳಮ್ಮ ಲೋಟ ಇಡುತ್ತ ಅಂದಳು. "ತಲೇಲಿ ಮಣ್ಣೈತೆ ಅಂತ ಮೇಷ್ಟ್ರೇ ಅಂದಿದ್ರಲ್ಲ."

ಮೇಷ್ಟ್ರು ನಕ್ಕರು. ರಂಜಿತ ನಗಲಿಲ್ಲ.

"ಸರಿ, ಇದ ಬುಡ್ಸಿ ನೋಡವ್ವ. ಒಂದು ನಲ್ಲಿ ನಾಕು ಗಂಟೇಲಿ ತೊಟ್ಟಿ ತುಂಬುಸ್ತದೆ. ಇನ್ನೊಂದು ನಲ್ಲಿ ಖಾಲಿ ಮಾಡ್ತದೆ. ಎರಡೂ ಬುಟ್ರೆ ತೊಟ್ಟಿ ಎಷ್ಟೊತ್ಗೆ ತುಂಬ್ತದೆ?"

"ಅನ್ನೆರಡು ಗಂಟೆ!" ಮೇಷ್ಟ್ರು ರೆಪ್ಪೆ ಬಡಿಯುವುದರೊಳಗೆ ಹೇಳಿದರು.

"ಎರಡ್ನೇ ನಲ್ಲಿ ಎಷ್ಟೊತ್ಗೆ ಖಾಲಿ ಮಾಡ್ತದೆ ಅಂತ ನಾನು ಏಳೇ ಇಲ್ವಲ್ಲ? ಆಗಾಕಿಲ್ಲ ಅಂತ ಈ ಯಂತ್ರನೇ ಒಪ್ಕತು."

"ಆರು ಗಂಟೇಲಿ ಅಂತ ಪುಸ್ತಕದಲ್ಲಿ..." ಮೇಷ್ಟ್ರು ಎತ್ತಿದ ಲೋಟವನ್ನು ಕೆಳಗಿಟ್ಟರು.

"ಇದು ಅವ್ವನ ಅಳೇ ನೋಟ್‌ಬುಕ್ಕಿಂದು. ಆ ಸಾಲು ಅಲ್ಲಿಲ್ಲ."

ಇಪ್ಪತ್ತೆಂಟು ವರ್ಷದ ಹಿಂದೆ ಆ ಪುಟದ ಮೇಲೆ ಕೆಂಪು ಸೊನ್ನೆ ಬಿದ್ದ ಮಾರನೆಯ ದಿನದಿಂದಲೇ ಮಂಗಳಮ್ಮ ಶಾಲೆ ಬಿಟ್ಟಿದ್ದಳು.

"ಬೋರ್ಡ್ ಮೇಲೆ ಬರೀವಾಗ ನಾನೇ ಬುಟ್ಬುಟ್ಟಿದ್ದೆ," ಮೇಷ್ಟ್ರ ದನಿ ಇಳಿದಿತ್ತು. "ಎಲ್ಲ ಐಕಳೂ ಏನೇನೋ ಗೀಚುದ್ವು. ನೀನೊಬ್ಬಳೇ ಆಗಾಕಿಲ್ಲ ಅಂತ ಬರ್ದೆ. ನೋಡ್ತಿದ್ದಂಗೇ ನಂಗೆ ಗೊತ್ತಾಯ್ತು ಕಣವ್ವ. ಕ್ಲಾಸಿನ ಮುಂದೆ ಒಪ್ಕಳಕೆ ಆಗ್ನಿಲ್ಲ. ಸೊನ್ನೆ ಹಾಕ್ಬುಟ್ಟೆ."

ಮಂಗಳಮ್ಮ ಕಂಬ ಹಿಡಿದು ನಿಂತೇ ಇದ್ದಳು. ಕಬ್ಬಿನ ಟ್ರಾಕ್ಟರೊಂದು ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಅತ್ತಲೇ ನೋಡಿದಳು.

"ಅರ್ಜಿಗೆ ಫೋಟೊ ಬೇಕು ಅಂದಿದ್ಯಲ್ಲ," ಎಂದು ಮಗಳ ಕಡೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡಳು.