ಟಾಕೀಸಿನಲ್ಲಿ ಮೊಣಕಾಲೂರಿದವರು

ಬೆಳಿಗ್ಗೆ ಏಳು ನಲವತ್ತಕ್ಕೆ ಸಿಪ್ರಿಯನ್ ಮಥಾಯಸರ ಶವ ಆಸ್ಪತ್ರೆಯಿಂದ ಪಡೀಲಿನ ಮನೆಗೆ ಬಂತು. ಪೆಟ್ಟಿಗೆ ಮುಂಬಾಗಿಲಲ್ಲೇ ಸಿಕ್ಕಿಕೊಂಡಿತು.

"ಎಡಕ್ಕೆ, ಸ್ವಲ್ಪ ಎಡಕ್ಕೆ," ಎಂದ ಮಗ ರೂಬನ್.

"ಯಾರ ಎಡ ಮಾರಾಯ್ರೆ? ನಿಮ್ಮದಾ ನಮ್ಮದಾ?" ಆಂಬುಲೆನ್ಸಿನವನು ಕೇಳಿದ.

"ಸೋಫಾ ತೆಗೀರಿ ಅಂತ ಆರು ಗಂಟೆಗೇ ಹೇಳಿದ್ದೇನೆ," ಒಳಗಿನಿಂದ ಜೂಲಿಯವರ ದನಿ ಬಂತು. "ಬಾಗಿಲು ಮೂರಡಿ. ಪೆಟ್ಟಿಗೆ ಒಳಗೆ ಬಂದು ತಿರುಗ್ಲಿಕ್ಕೆ ಜಾಗ ಬೇಡವಾ?"

ಸೋಫಾವನ್ನು ಅಂಗಳಕ್ಕೆ ಹಾಕಿದ ಮೇಲೆ ಪೆಟ್ಟಿಗೆ ಒಳಗೆ ಬಂತು. ಜೂಲಿ ಸತ್ತವರ ತಂಗಿ. ಎಪ್ಪತ್ತೇಳು ವರ್ಷ. ಸುರತ್ಕಲ್‌ನ ಒಂದು ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅಣ್ಣನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಸಿಪ್ರಿಯನ್‌ಗೆ ಎಂಬತ್ತು ತುಂಬಿತ್ತು. ಬಂದರಿನ ಮೆಣಸಿನ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ತೂಕದ ಗುಮಾಸ್ತರಾಗಿದ್ದರು. ಹೆಂಡತಿ ಒಂಬತ್ತು ವರ್ಷದ ಹಿಂದೆ ತೀರಿಕೊಂಡಿದ್ದರು.

ಎಂಟು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವರು ಪಕ್ಕದ ಮನೆಯ ಆನಿ. ಶವದ ಮುಂದೆ ಶಿಲುಬೆಯ ಗುರುತು ಮಾಡಿದರು, ಕಣ್ಣು ಒರೆಸಿಕೊಂಡರು, ಜೂಲಿಯ ಕೈ ಹಿಡಿದರು.

"ಇನ್ನು ನಿನ್ನ ಟಾಕೀಸಿನ ಕಥೆ ಹೇಳುವವರು ಯಾರು, ಜೂಲಿ?"

"ಯಾರೂ ಬೇಡ," ಎಂದರು ಜೂಲಿ.

"ದೀಪ ಆರಿತು, ಗಂಟೆ ಹೊಡೀತು, ನೀನು ಪೂಜೆ ಶುರುವಾಯ್ತು ಅಂತ ಮೊಣಕಾಲೂರಿದ್ದು! ಅಯ್ಯೋ ದೇವರೇ." ಆನಿ ಅಳುತ್ತಲೇ ನಕ್ಕರು. "ಅವನ ಬಾಯಲ್ಲೇ ಕೇಳ್ಬೇಕು ಅದು."

"ನಾನಲ್ಲ ಆನಿ. ಮೊದಲು ಮೊಣಕಾಲೂರಿದ್ದು ಅವ."

"ಹೌದು ಹೌದು," ಎಂದು ಆನಿ ಜೂಲಿಯ ಬೆನ್ನು ಸವರಿದರು.

ಒಂಬತ್ತರೊಳಗೆ ಇನ್ನೂ ನಾಲ್ವರು ಅದೇ ಮಾತು ತೆಗೆದರು. ಒಬ್ಬರು ಸಿನಿಮಾ ಹಿಂದಿಯದೆಂದರು, ಇನ್ನೊಬ್ಬರು ಇಂಗ್ಲಿಷಿನದೆಂದರು. ಜೂಲಿ ನಾಲ್ವರನ್ನೂ ತಿದ್ದಿದರು. ಹೆಣದ ಮುಂದೆ ಕುಳಿತ ಮುದುಕಿಯೊಡನೆ ಯಾರೂ ವಾದಕ್ಕೆ ನಿಲ್ಲಲಿಲ್ಲ. ಅದೇ ಜೂಲಿಗೆ ಹೆಚ್ಚು ಸಿಟ್ಟು ತರಿಸಿತು.

ರೂಬನ್ ಊಟದ ಮೇಜಿನ ಮುಂದೆ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದ. ಜೂಲಿ ಎದ್ದು ಅವನ ಹಿಂದೆ ನಿಂತು ಓದಿದರು.

"ಇದು ಎಂತ?"

"ಇಗರ್ಜಿಯಲ್ಲಿ ಹೇಳ್ಲಿಕ್ಕೆ, ಆಂಟಿ. ಫಾದರ್ ಮೂರು ನಿಮಿಷ ಕೊಟ್ಟಿದ್ದಾರೆ. ಬರೆದದ್ದನ್ನು ಮೊದಲೇ ಕಳಿಸ್ಬೇಕಂತೆ."

"ಆ ಮೂರು ನಿಮಿಷದಲ್ಲಿ ಒಂದು ನಿಮಿಷ ನನ್ನದೇ ಉಂಟಲ್ಲ."

"ಜನರಿಗೆ ಆ ಕಥೆ ಇಷ್ಟ. ಸ್ವಲ್ಪ ನಗ್ಲಿ ಅಂತ."

"ನಗ್ಲಿ. ಯಾರನ್ನು ನೋಡಿ ನಗ್ಬೇಕೋ ಅವನನ್ನು ನೋಡಿ ನಗ್ಲಿ."

ರೂಬನ್ ಮೊಬೈಲು ಕೆಳಗಿಟ್ಟ. "ಆಂಟಿ, ಪಪ್ಪಾ ಅಲ್ಲಿ ಮಲಗಿದ್ದಾರೆ. ಇವತ್ತೇ ಬೇಕಾ ಇದು?"

"ಇವತ್ತೇ ಬೇಕು. ಸಂಜೆ ನೀವೆಲ್ಲ ನಿನ್ನ ಅಪ್ಪ ಹೇಳಿದ್ದನ್ನೇ ಕೇಳಿ ಮನೆಗೆ ಹೋದ್ರೆ, ಆಮೇಲೆ ಅದೇ ಸತ್ಯ. ಅಲ್ಲಿ ಇದ್ದದ್ದು ನಾವಿಬ್ಬರೇ."

"ಸಾಕ್ಷಿ ಉಂಟಾ ಆಂಟಿ?" ಚಹಾದ ಗ್ಲಾಸುಗಳನ್ನು ತಂದ ಸೊಸೆ ಬೆನಿಟಾ ಕೇಳಿದಳು. ಹಿಂದಿನ ರಾತ್ರಿಯಿಂದ ಅವಳಿಗೆ ನಿದ್ದೆ ಇರಲಿಲ್ಲ.

"ನಾನೇ ಸಾಕ್ಷಿ," ಎಂದರು ಜೂಲಿ.

*

1955ರ ಒಂದು ಭಾನುವಾರ. ಆಗ ಮನೆ ಇದ್ದದ್ದು ಬಂದರಿನ ಹತ್ತಿರ, ಬಾಡಿಗೆಯ ಎರಡು ಕೋಣೆ. ಟಾಕೀಸಿನ ಪೋಸ್ಟರ್ ಅಂಟಿಸುವವನೊಬ್ಬ ಪಕ್ಕದಲ್ಲಿದ್ದ. ಅವನಿಗೆ ಬೇಕಾದ ಮೈದಾದ ಗೋಂದನ್ನು ಜೂಲಿಯ ತಾಯಿ ತನ್ನ ಒಲೆಯಲ್ಲಿ ಕಾಯಿಸಿ ಕೊಡುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಅವನು ಎರಡು ಪಾಸು ತಂದುಕೊಟ್ಟ. ಮಧ್ಯಾಹ್ನದ ಆಟ.

ತಾಯಿ ಮಕ್ಕಳಿಬ್ಬರಿಗೂ ಇಗರ್ಜಿಗೆ ಹಾಕುವ ಬಟ್ಟೆ ಹಾಕಿದಳು. ಬೇರೆ ಒಳ್ಳೆಯ ಬಟ್ಟೆ ಇರಲಿಲ್ಲ. "ಅಣ್ಣ ಮಾಡಿದ ಹಾಗೆ ಮಾಡು," ಎಂದು ಜೂಲಿಗೆ ಹೇಳಿದಳು. "ಫಾದರಿಗೆ ಗೊತ್ತಾಗ್ಬಾರ್ದು," ಎಂದು ಇಬ್ಬರಿಗೂ ಹೇಳಿದಳು.

ಸಿಪ್ರಿಯನ್‌ಗೆ ಹತ್ತು, ಜೂಲಿಗೆ ಏಳು. ಅವನು ಆ ವರ್ಷವಷ್ಟೇ ಪೂಜೆಯಲ್ಲಿ ಪಾದ್ರಿಗೆ ಸಹಾಯ ಮಾಡುವ ಹುಡುಗರ ಸಾಲಿಗೆ ಸೇರಿದ್ದ. ಗಂಟೆ ಹೊಡೆದ ಕೂಡಲೇ ಮೊಣಕಾಲೂರುವುದನ್ನು ಮೂರು ತಿಂಗಳಿಂದ ಅಭ್ಯಾಸ ಮಾಡಿದ್ದ.

ಟಾಕೀಸಿನ ಬಾಗಿಲ ಬಳಿ ಕುಡಿಯುವ ನೀರಿನ ಮಡಕೆ ಇತ್ತು. ಇಗರ್ಜಿಯ ಬಾಗಿಲಲ್ಲಿ ಪವಿತ್ರ ಜಲ ಮುಟ್ಟಿಸಿಕೊಳ್ಳುವ ಹಾಗೆ ಸಿಪ್ರಿಯನ್ ಅದರಲ್ಲಿ ಬೆರಳದ್ದಿ ಹಣೆಗೆ, ಎದೆಗೆ ಮುಟ್ಟಿಸಿಕೊಂಡ. ಜೂಲಿಯೂ ಮುಟ್ಟಿಸಿಕೊಂಡಳು. ಒಳಗೆ ಸಾಲು ಬೆಂಚುಗಳು, ನಡುವೆ ದಾರಿ, ಎದುರಿಗೆ ಪರದೆ. ಹೆಂಗಸರು ಒಂದು ಕಡೆ, ಗಂಡಸರು ಇನ್ನೊಂದು ಕಡೆ. ಅವರು ಅಷ್ಟು ದೊಡ್ಡ ಕಟ್ಟಡದೊಳಗೆ ಹೋಗಿದ್ದರೆ ಅದು ಇಗರ್ಜಿಗೆ ಮಾತ್ರ. ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತರು.

ದೀಪಗಳು ಆರಿದವು. ಎಲ್ಲಿಂದಲೋ ಗಂಟೆ ಉದ್ದಕ್ಕೆ ಬಾರಿಸಿತು.

ಸಿಪ್ರಿಯನ್ ಧಡಕ್ಕನೆ ಮೊಣಕಾಲೂರಿ ತಲೆ ತಗ್ಗಿಸಿದ. ಜೂಲಿಯ ಫ್ರಾಕು ಹಿಡಿದೆಳೆದ. ಅವಳೂ ಊರಿದಳು. ಹಿಂದಿನವರು ನಗತೊಡಗಿದರು. ಗೇಟ್‌ಕೀಪರ್ ಟಾರ್ಚು ಹಿಡಿದು ಬರುವಷ್ಟರಲ್ಲಿ ಸಿಪ್ರಿಯನ್ ಬೆಂಚಿನ ಮೇಲಿದ್ದ. ಬೆಳಕು ಬಿದ್ದದ್ದು ಜೂಲಿಯ ಮೇಲೆ ಮಾತ್ರ.

"ಏ ಮಗಾ, ಇಲ್ಲಿ ಪಾದ್ರಿ ಬರುವುದಿಲ್ಲ. ಮೇಲೆ ಕೂತ್ಕೊ."

ಇಡೀ ಮುಂದಿನ ಸಾಲು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಿಪ್ರಿಯನ್.

ಸಂಜೆ ಮನೆಗೆ ಬಂದ ಕೂಡಲೇ ಅವನು ಅದನ್ನು ತಾಯಿಗೆ ಹೇಳಿದ. ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಇನ್ನೊಮ್ಮೆ ಹೇಳಿದ.

*

ಹನ್ನೊಂದು ಇಪ್ಪತ್ತಕ್ಕೆ ಮಗಳು ಆನ್ಸಿ ವಿಮಾನ ನಿಲ್ದಾಣದಿಂದ ನೇರವಾಗಿ ಬಂದಳು. ಕುವೈತಿನಲ್ಲಿ ನರ್ಸ್. ಅಪ್ಪನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಜೂಲಿ ಕಾದರು. ಅಳು ನಿಂತ ಮೇಲೆ ಕೇಳಿದರು.

"ಪಪ್ಪಾ ನಿನ್ನ ಹತ್ರ ಎಂತಾದ್ರೂ ಹೇಳಿದ್ನಾ? ನನ್ನ ವಿಷಯ?"

"ಭಾನುವಾರ ಫೋನಿನಲ್ಲಿ ಹೇಳಿದ್ರು ಆಂಟಿ." ಆನ್ಸಿ ಮೂಗು ಒರೆಸಿಕೊಂಡಳು. "ಉಸಿರಿಲ್ಲ, ಆದ್ರೂ ಹೇಳಿದ್ರು. ಗಂಟೆ ಹೊಡೀತು, ಜೂಲಿ ಮೊಣಕಾಲೂರಿದ್ಳು ಅಂತ."

ಜೂಲಿ ತಿರುಗಿ ಅಣ್ಣನ ಮುಖ ನೋಡಿದರು. ಸತ್ತ ಮೇಲೂ ಬಾಯಿ ಪೂರ್ತಿ ಮುಚ್ಚಿರಲಿಲ್ಲ.

ಅದರ ಹಿಂದಿನ ಮಂಗಳವಾರ ಅವರು ಆಸ್ಪತ್ರೆಗೆ ಹೋಗಿ ನೇರವಾಗಿಯೇ ಕೇಳಿದ್ದರು. "ಸಿಪ್ರಿ, ಒಮ್ಮೆ ಸರಿಯಾಗಿ ಹೇಳಿಬಿಡು. ಮೊದಲು ಯಾರು?"

"ನಾನು," ಎಂದಿದ್ದರು ಸಿಪ್ರಿಯನ್, ಆಮ್ಲಜನಕದ ಮುಖವಾಡ ಸರಿಸಿ. "ನಂಗೆ ಗೊತ್ತುಂಟು. ನಾನು ಊರಿದೆ, ನಿನ್ನನ್ನು ಎಳೆದೆ."

"ಮತ್ತೆ ಎಪ್ಪತ್ತು ವರ್ಷ?"

"ಪೂಜೆಗೆ ನಿಲ್ಲುವ ಹುಡುಗ ಗಂಟೆಗೆ ಮೊಣಕಾಲೂರಿದ ಅಂದ್ರೆ ಅದ್ರಲ್ಲಿ ನಗ್ಲಿಕ್ಕೆ ಎಂತ ಉಂಟು? ಆನ್ಸಿ ಬರ್ಲಿ. ಎಲ್ಲರೆದುರು ಹೇಳ್ತೇನೆ. ಒಬ್ಬೊಬ್ಬರಿಗೆ ಹೇಳಿದ್ರೆ ಮಜಾ ಇಲ್ಲ."

ಮರುದಿನ ಜೂಲಿ ಗಂಜಿ ತೆಗೆದುಕೊಂಡು ಹೋದಾಗ ವಾರ್ಡಿನ ನರ್ಸ್ ಅವರನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಅವಳಿಗೂ ಹೇಳಿಯಾಗಿತ್ತು.

1971ರಲ್ಲಿ ಬಜ್ಪೆಯ ಕಡೆಯಿಂದ ಜೂಲಿಯನ್ನು ನೋಡಲು ಬಂದವರಿಗೂ ಸಿಪ್ರಿಯನ್ ಅದನ್ನು ಹೇಳಿದ್ದರು. ಎಲ್ಲರೂ ನಕ್ಕರು, ಹೊಟ್ಟೆ ತುಂಬ ತಿಂದರು, ಮತ್ತೆ ಬರಲಿಲ್ಲ. ಕಾರಣ ಇದೇ ಎಂದು ಜೂಲಿ ಯಾವತ್ತೂ ಹೇಳಿದವರಲ್ಲ, ಹಾಗೆನ್ನಲು ಆಧಾರವಿಲ್ಲ. ತಾರೀಕು ಮಾತ್ರ ನೆನಪಿದೆ.

ಹನ್ನೆರಡಕ್ಕೆ ಜೂಲಿ ಪುನಃ ರೂಬನ್‌ನ ಬಳಿ ಹೋದರು. ಈ ಸಲ ಆನ್ಸಿಯನ್ನೂ ಕರೆದುಕೊಂಡು ಹೋಗಿ ಆಸ್ಪತ್ರೆಯ ಮಾತನ್ನು ಇದ್ದ ಹಾಗೆ ಹೇಳಿದರು.

"ಪಪ್ಪಾ ಒಪ್ಪಿಕೊಂಡ್ರಾ?" ಆನ್ಸಿ ಕೇಳಿದಳು.

"ಒಪ್ಪಿಕೊಂಡ."

"ಸರಿ ಮಾಡು ರೂಬನ್," ಎಂದಳು ಆನ್ಸಿ. "ಬೆಳಿಗ್ಗೆಯಿಂದ ಎಷ್ಟು ಸಲ ಹೇಳ್ತಾರೆ ಅವರು."

"ಮಾಡ್ತೇನೆ, ಮಾಡ್ತೇನೆ. ಈಗ ಊಟ ಮಾಡಿ ಆಂಟಿ. ಮೂರೂವರೆಗೆ ಹೊರಡ್ಬೇಕು."

*

ಪೂಜೆ ನಾಲ್ಕು ಐದಕ್ಕೆ ಶುರುವಾಯಿತು. ಪರಮಪ್ರಸಾದದ ಬಳಿಕ ರೂಬನ್ ಮೈಕಿನ ಮುಂದೆ ನಿಂತ. ಜೂಲಿ ಎರಡನೆಯ ಸಾಲಿನಲ್ಲಿ ಕುಳಿತು ಗಡಿಯಾರ ನೋಡಿಕೊಂಡರು.

ರೂಬನ್ ಗೋದಾಮಿನ ಬಗ್ಗೆ ಹೇಳಿದ. ಸೈಕಲ್ಲಿನ ಬಗ್ಗೆ ಹೇಳಿದ. ಆಮೇಲೆ ಕನ್ನಡಕ ಸರಿಮಾಡಿಕೊಂಡ.

"ನನ್ನ ಪಪ್ಪಾ ಹತ್ತು ವರ್ಷದವರಿರುವಾಗ ಮೊದಲ ಸಲ ಸಿನಿಮಾಕ್ಕೆ ಹೋದರು. ದೀಪ ಆರಿತು. ಗಂಟೆ ಹೊಡೆಯಿತು. ಪಪ್ಪಾ ಆ ಟಾಕೀಸಿನಲ್ಲಿಯೇ ಮೊಣಕಾಲೂರಿದರು."

ಜೂಲಿ ಮುಂದಿನ ವಾಕ್ಯಕ್ಕೆ ಕಾದರು. ರೂಬನ್ ಆಸ್ಪತ್ರೆಯ ವೈದ್ಯರಿಗೆ ಧನ್ಯವಾದ ಹೇಳತೊಡಗಿದ.

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಆನಿ ಬಿಕ್ಕಿದರು. ಎರಡು ತಿಂಗಳ ಹಿಂದೆ ಈ ಇಗರ್ಜಿಗೆ ವರ್ಗವಾಗಿ ಬಂದ ಪಾದ್ರಿ ಕೊನೆಯ ಪ್ರಾರ್ಥನೆಗೆ ಮೊದಲು ಎರಡು ಮಾತು ಸೇರಿಸಿದರು.

"ಒಬ್ಬ ಬಾಲಕ. ಸುತ್ತಲೂ ಕತ್ತಲೆ. ಎಲ್ಲರೂ ಮನರಂಜನೆಗೆ ಕಾಯುತ್ತಿದ್ದಾರೆ. ಅವನು ಮಾತ್ರ ದೇವರ ಮುಂದೆ ಮೊಣಕಾಲೂರುತ್ತಾನೆ. ಇಂಥ ವಿಶ್ವಾಸ ನಮ್ಮ ಎಷ್ಟು ಮಕ್ಕಳಲ್ಲಿ ಉಂಟು?"

ಜನ ತಲೆಯಾಡಿಸಿದರು. ಸಿಪ್ರಿಯನ್ ಮೂವತ್ತು ವರ್ಷ ಕೊನೆಯ ಬೆಂಚಿನಲ್ಲಿ ಕುಳಿತು, ಪಾದ್ರಿಯ ಪ್ರಸಂಗ ಶುರುವಾದ ಕೂಡಲೇ ಬೀಡಿಗೆಂದು ಹೊರಗೆ ಹೋಗುತ್ತಿದ್ದುದನ್ನು ಕಂಡವರೂ ತಲೆಯಾಡಿಸಿದರು.

ಪೆಟ್ಟಿಗೆಯ ಹಿಂದೆ ನಡೆಯುತ್ತಾ ಜೂಲಿ ರೂಬನ್‌ನ ತೋಳು ಹಿಡಿದರು.

"ನಾನು ಎಲ್ಲಿ?"

"ಎಂತ ಆಂಟಿ?"

"ನಾನು ಆ ಟಾಕೀಸಿನಲ್ಲಿ ಇರ್ಲಿಲ್ವಾ?"

"ನಿಮಗೆ ಬೇಜಾರಲ್ವಾ ಅಂತ ನಿಮ್ಮದು ತೆಗ್ದೆ. ನೀವೇ ಹೇಳಿದ್ರಲ್ಲ."

"ಸರಿ ಮಾಡ್ಲಿಕ್ಕೆ ಹೇಳಿದ್ದು. ತೆಗೀಲಿಕ್ಕಲ್ಲ."

"ಮೂರು ನಿಮಿಷ, ಆಂಟಿ," ಎಂದು ರೂಬನ್ ಪಿಸುಗುಟ್ಟಿದ. "ಮೂರೇ ನಿಮಿಷ."

ಐದು ಇಪ್ಪತ್ತಕ್ಕೆ ಪೆಟ್ಟಿಗೆ ಇಳಿಸಿದರು. ಜನ ಸಾಲಾಗಿ ಬಂದು ಹಿಡಿ ಮಣ್ಣು ಹಾಕಿದರು. ಜೂಲಿಯೂ ಹಾಕಿದರು. "ಬೀಡಿ ಸೇದುವವನೇ," ಎಂದರು. ಪಕ್ಕದಲ್ಲಿದ್ದ ಬೆನಿಟಾ ಅದನ್ನು ಪ್ರಾರ್ಥನೆ ಎಂದುಕೊಂಡು "ಆಮೆನ್" ಎಂದಳು.

ಮನೆಗೆ ಹೋಗಲು ಬಾಡಿಗೆಯ ಬಸ್ಸು ಗೇಟಿನ ಹೊರಗೆ ನಿಂತಿತ್ತು. ಜೂಲಿ ಗೇಟಿನ ಬಳಿ ಬಂದಾಗ ಬಿಳಿ ಪಂಚೆಯ ಮುದುಕರೊಬ್ಬರು ಕೈ ಮುಗಿದರು. ಚಿತ್ತರಂಜನ. ಗೋದಾಮಿನಲ್ಲಿ ಸಿಪ್ರಿಯನ್‌ರ ಪಕ್ಕದ ತಕ್ಕಡಿಯಲ್ಲಿ ಇಪ್ಪತ್ತು ವರ್ಷ ಇದ್ದವರು.

"ಟೀಚರೇ, ಆ ಹುಡುಗ ಅದೆಂತ ಹೇಳಿದ್ದು? ನಾನು ಆ ಕಥೆ ಕಡಿಮೆಯೆಂದ್ರೂ ನೂರು ಸಲ ಕೇಳಿದ್ದೇನೆ. ನೀವಿಲ್ಲದೆ ಕೇಳಿದ್ದು ಇವತ್ತೇ."

"ನಾನೂ ಇವತ್ತೇ ಕೇಳಿದ್ದು."

"ಹಾಗಾದ್ರೆ ಊರಿದ್ದು ಯಾರು?"

"ಇಬ್ಬರೂ. ಅವ ಮೊದಲು. ನಾನು ಅವ ಎಳೆದದ್ದಕ್ಕೆ."

ಚಿತ್ತರಂಜನ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಇರ್ಬಹುದು. ಮೂಟೆಯಲ್ಲಿ ಅರ್ಧ ಕಿಲೋ ವ್ಯತ್ಯಾಸ ಬಂದ್ರೆ ಇಡೀ ಲಾರಿ ಇಳಿಸಿ ಪುನಃ ತೂಗಿಸ್ತಿದ್ದ ಆಸಾಮಿ."

"ನನ್ನ ವಿಷಯದಲ್ಲಿ ಒಮ್ಮೆಯೂ ತೂಗಿಸ್ಲಿಲ್ಲ."

"ಅದೂ ಹೌದು." ಅವರು ನಕ್ಕರು. "ಪಿಚ್ಚರ್ ಹಿಂದಿಯದ್ದಲ್ವಾ?"

"ತಮಿಳು. ಹಿಂದಿ ಅಂತ ಹೇಳಿಕೊಂಡು ತಿರುಗಿದ್ದು ಅವ. ಅವನಿಗೆ ಎಂತ ಗೊತ್ತು? ಅರ್ಧ ಗಂಟೆಯಲ್ಲಿ ನನ್ನ ಹೆಗಲ ಮೇಲೆ ತಲೆ ಹಾಕಿ ನಿದ್ದೆ ಹೋದ. ಮುಗಿದ ಮೇಲೆ ಎಬ್ಬಿಸಿದ್ದು ನಾನು."

"ಹ್ಞಾಂ? ಅದನ್ನು ಅವ ಹೇಳ್ಲೇ ಇಲ್ಲ ಮಾರಾಯ್ರೆ." ಚಿತ್ತರಂಜನ ಕೊಡೆಯನ್ನು ಗೋಡೆಗೆ ಒರಗಿಸಿದರು. "ಹಾಗಾದ್ರೆ ಪಿಚ್ಚರ್ ನೋಡಿದ್ದು ಯಾರು?"

"ನಾನು."

"ಎಂತ ಇತ್ತು ಅದ್ರಲ್ಲಿ?"

ಜೂಲಿ ಉತ್ತರ ಕೊಡಲು ಬಾಯಿ ತೆರೆದರು. ಬಸ್ಸಿನ ಕಿಟಕಿಯಿಂದ ಬೆನಿಟಾ ಕೂಗಿದಳು. "ಆಂಟಿ, ಬನ್ನಿ! ಎಲ್ಲರೂ ಕೂತಾಯ್ತು!"

"ಹೋಗಿ ನೀವು," ಎಂದು ಜೂಲಿ ತಿರುಗದೆ ಕೈ ಬೀಸಿದರು.

"ಎಂತ ಹೋಗಿ? ಅಲ್ಲಿ ಜನ ನಿಮ್ಮನ್ನು ಕೇಳ್ತಾರೆ!"

"ಕೇಳ್ಲಿ."

ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯನ್ನು ಕೈಯಿಂದ ಒರೆಸಿ ಜೂಲಿ ಕುಳಿತರು. ಸೀರೆಯ ಸೆರಗನ್ನು ಮಡಿಲಿಗೆ ಎಳೆದುಕೊಂಡರು.

"ಮೊದಲು ಒಂದು ಹೆಂಗಸಿನ ಮುಖ ಬಂತು," ಎಂದರು. "ಈ ಗೇಟಿನಿಂದ ಆ ಮರದವರೆಗೆ, ಅಷ್ಟು ದೊಡ್ಡ ಮುಖ."

ಚಿತ್ತರಂಜನ ಅವರ ಪಕ್ಕದಲ್ಲಿ ಕುಳಿತರು.

ಬಸ್ಸು ಐದು ಐವತ್ತಕ್ಕೆ ಹೊರಟಿತು. ಅವರಿಬ್ಬರೂ ಏಳು ಗಂಟೆಗೆ ಆಟೋದಲ್ಲಿ ಮನೆಗೆ ಬಂದರು.